ಕೆಂಪು ಕಣ್ಣು ಹದಿನಾರು

"ಒಂಬತ್ತು ಜನ. ಹದಿನಾರು ಕೆಂಪು ಕಣ್ಣು. ಈಗ ನೀವೇ ಹೇಳಿ, ಇನ್ನೆರಡು ಎಲ್ಲಿ ಹೋದವು?"

ಫೋಟೊ ಅಕ್ಕ ಇಷ್ಟು ಕೇಳಿ, ತನ್ನ ತಿರುಗುವ ಕುರ್ಚಿಯನ್ನು ಗರಕ್ಕನೆ ತಿರುಗಿಸಿ ಪತ್ತೇದಾರನ ಮುಖ ನೋಡಿದಳು.

ಪತ್ತೇದಾರನಿಗೆ ಜನ ಇಟ್ಟ ಹೆಸರು ಚಿಮಟ. ಬರಿಗಣ್ಣಿಗೆ ಕಾಣದ ಮುಳ್ಳನ್ನೂ ಕಿತ್ತು ತೆಗೆಯುತ್ತಾನೆಂಬ ಮೆಚ್ಚುಗೆಗೆ ಇಟ್ಟರೋ, ಉದ್ದ ಕಾಲು, ಸಣ್ಣ ತಲೆಯ ಆಕಾರ ನೋಡಿ ಇಟ್ಟರೋ ಅವನಿಗೂ ಗೊತ್ತಿಲ್ಲ. ಕೇಳಲು ಹೋಗಿ ಮರ್ಯಾದೆ ಕಳೆದುಕೊಳ್ಳುವ ಪೈಕಿ ಅವನಲ್ಲ. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಕಾಣೆಯಾದ ನಾಯಿ, ಕಾಣೆಯಾದ ಗಂಡ, ಕಾಣೆಯಾದ ಉಯಿಲು ಎಲ್ಲವನ್ನೂ ಹುಡುಕಿದ್ದ. ಕಾಣೆಯಾದ ಕೆಂಪನ್ನು ಹುಡುಕಲು ಅವನನ್ನು ಕರೆದದ್ದು ಇದೇ ಮೊದಲು.

"ನಂಗೆ ಅರ್ಥ ಆಗಲಿಲ್ಲ. ಬಿಡಿಸಿ ಹೇಳಮ್ಮ," ಎಂದ.

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಐದಕ್ಕೆ ಇನ್ಸ್‌ಪೆಕ್ಟರ್ ಬರುವವನಿದ್ದ.

ನಡೆದದ್ದು ಇಷ್ಟು: ಭಾನುವಾರ ಮಧ್ಯಾಹ್ನ ಊರಿನ ಗಡಿಯಾರ ರಿಪೇರಿ ಮಾಡುವ ಗಡಿಯಾರದ ತಾತನ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಎಲ್ಲರೂ ಅವರ ಮನೆಯ ನೆಲಮಾಳಿಗೆಯಲ್ಲಿ ಸೇರಿದ್ದಾಗ ಕರೆಂಟು ಹೋಯಿತು, ಆ ಹನ್ನೊಂದು ನಿಮಿಷದಲ್ಲಿ ಊಟ ಮುಗಿಸಿ ಮಹಡಿಗೆ ಹೋಗಿದ್ದ ತಾತನ ತಲೆಗೆ ಯಾರೋ ಗಡಿಯಾರಕ್ಕೆ ತೂಗುಹಾಕುವ ಹಿತ್ತಾಳೆ ಗುಂಡಿನಿಂದ ಹೊಡೆದು, ಡ್ರಾಯರಿನ ಬೀಗವನ್ನು ಮುರಿಯದೆ ತೆಗೆದು, ಅವರ ಕೈಬರಹದ ಪುಸ್ತಕ ಎತ್ತಿಕೊಂಡು ಹೋದರು. ತಾತ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಬೀಗ ಮುರಿಯದೆ ತೆಗೆಯಬಲ್ಲವನು ಆ ಒಂಬತ್ತು ಜನರಲ್ಲಿ ಒಬ್ಬನೇ, ಬೀಗ ರಿಪೇರಿಯವನು. ಅವನನ್ನು ಮಂಗಳವಾರವೇ ಹಿಡಿದು ಕೂಡಿಹಾಕಿದ್ದರು.

ಅವನು ಫೋಟೊ ಅಕ್ಕನ ಒಡಹುಟ್ಟಿದ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿನಾರು. ಸೊಂಟದಿಂದ ಇಳಿಸದೆ ಸಾಕಿದ್ದಳು. ಐದು ಗಂಟೆಯೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಕಾಗದಪತ್ರ ಕೋರ್ಟಿಗೆ ಹೋಗುತ್ತದೆ ಎಂದು ಇನ್ಸ್‌ಪೆಕ್ಟರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ.

"ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಕಣ್ಣು ಕೆಂಪಗಾಗೋದು ನೋಡಿದ್ದೀರಾ?" ಅಕ್ಕ ಕೇಳಿದಳು.

"ನೋಡ್ದೆ ಏನು? ನನ್ನ ಮದುವೆ ಫೋಟೊದಲ್ಲಿ ನನ್ನ ಮಾವ ರಾಕ್ಷಸನ ಥರ ಕಾಣ್ತಾರೆ. ನಮ್ಮಾಕೆ ಎದುರಿಗೆ ಹೇಳೋ ಹಾಗಿಲ್ಲ."

"ಅದ್ಯಾಕೆ ಕೆಂಪಗಾಗುತ್ತೆ ಗೊತ್ತಾ?"

"ಕ್ಯಾಮೆರಾ ಕೆಟ್ಟಿರುತ್ತೆ."

"ಅಲ್ಲ." ಅಕ್ಕ ತನ್ನ ಬೆರಳನ್ನು ಅವನ ಕಣ್ಣಿನ ಮುಂದೆ ಹಿಡಿದಳು. "ಕತ್ತಲಲ್ಲಿ ಕೂತ್ರೆ ನಮ್ಮ ಕಣ್ಣಿನ ಪಾಪೆ ದೊಡ್ಡದಾಗುತ್ತೆ. ಬೆಳಕು ಸಾಲಲ್ಲ ಅಂತ ಬಾಗಿಲು ಅಗಲವಾಗಿ ತೆಗೆಯುತ್ತೆ. ಆಗ ಫ್ಲ್ಯಾಷ್ ಫಳ್ ಅಂತು ಅಂದ್ಕೊಳ್ಳಿ. ಬಾಗಿಲು ಮುಚ್ಚೋಕೆ ಅದಕ್ಕೆ ಪುರುಸೊತ್ತಿರಲ್ಲ. ಬೆಳಕು ಸೀದಾ ಒಳಗೆ ಹೋಗಿ, ಕಣ್ಣಿನ ಹಿಂದಿನ ಗೋಡೆಗೆ ಬಡಿದು, ವಾಪಸ್ ಬರುತ್ತೆ. ಆ ಗೋಡೆ ತುಂಬಾ ರಕ್ತ. ಫೋಟೊದಲ್ಲಿ ಕಾಣೋ ಕೆಂಪು ಅದೇ."

ಚಿಮಟ ಬೆಪ್ಪಾಗಿ ಅವಳನ್ನೇ ನೋಡಿದ. "ಅಂದ್ರೆ ಅದು ರಕ್ತಾನಾ?"

"ಹೌದು ಸಾರ್. ಜೀವ ಇರೋ ಮನುಷ್ಯನ ಒಳಗಿನ ರಕ್ತ. ಇಪ್ಪತ್ತು ವರ್ಷದಿಂದ ಅದನ್ನ ಅಳಿಸೋದೇ ನನ್ನ ಕೆಲಸ. ಇವತ್ತಿಗೂ ಒಂದೊಂದು ಸಲ ಕೈ ನಿಂತುಬಿಡುತ್ತೆ."

ಚಿಮಟ ತನ್ನ ರೆಪ್ಪೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಮಾವನ ಮೇಲೆ ಇಷ್ಟು ವರ್ಷ ಆಡಿಕೊಂಡ ಜೋಕುಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಆ ಕೆಂಪು ಚುಕ್ಕೆಗಳಲ್ಲಿ ಮನುಷ್ಯ ಇಷ್ಟು ತೆರೆದು ನಿಂತಿರುತ್ತಾನೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವರು ಕೂತಿದ್ದು ಸ್ಟುಡಿಯೋದ ಹಿಂದಿನ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೂಲೆಯಲ್ಲಿ ಫ್ರೇಮುಗಳ ರಾಶಿ, ಅಂಟಿನ ವಾಸನೆ. ಗೋಡೆಯ ತುಂಬ ಯಾರೂ ಬಂದು ಒಯ್ಯದ ಪಾಸ್‌ಪೋರ್ಟ್ ಸೈಜಿನ ಮುಖಗಳು. ಹಳೆಯ ಗುಜ್ಜಾರಿ ಮಾನಿಟರು ಮೇಜಿನ ಮುಕ್ಕಾಲು ಜಾಗ ನುಂಗಿ, ಬಿಸಿ ಉಸಿರು ಬಿಡುತ್ತಾ ಕೂತಿತ್ತು.

ಅಕ್ಕ ಪರದೆಯ ಮೇಲೆ ಫೋಟೊ ತೆರೆದಳು. ನೆಲಮಾಳಿಗೆಯ ಮೆಟ್ಟಿಲ ಸಾಲಿನಲ್ಲಿ ಒಂಬತ್ತು ಜನ, ಮೂರು ಮೂರರಂತೆ. ಎಲ್ಲರ ಮುಖದಲ್ಲೂ ಕತ್ತಲಲ್ಲಿ ಸಿಕ್ಕಿಬಿದ್ದವರ ಪೆಚ್ಚು ನಗು.

"ಇದನ್ನ ತೆಗೆದಿದ್ದು ತಾತನ ಸೊಸೆ," ಅಕ್ಕ ಹೇಳಿದಳು. "ಕರೆಂಟು ಹೋಗಿ ಒಂಬತ್ತು ನಿಮಿಷ ಆಗಿತ್ತಂತೆ. ಬೇಜಾರು ಕಳೆಯೋಕೆ, 'ಹೆದರಿದವರೆಲ್ಲ ಹಲ್ಲು ತೋರಿಸಿ' ಅಂದು ಕ್ಲಿಕ್ ಮಾಡಿದ್ಲಂತೆ. ಸೋಮವಾರ ಬೆಳಿಗ್ಗೆ ಅಳ್ತಾ ಬಂದ್ಲು. ತಾತನ ಹಾಸಿಗೆ ಹತ್ತಿರ ಇಡೋಕೆ ಒಂದು ಪ್ರಿಂಟು ಬೇಕು, ಕಣ್ಣು ಸರಿ ಮಾಡಿ ಕೊಡಿ ಅಂದ್ಲು."

"ಆ ನೆಲಮಾಳಿಗೆಗೆ ಕಿಟಕಿ ಇಲ್ಲ," ಚಿಮಟ ನಿಧಾನವಾಗಿ ಹೇಳಿದ. "ಮಹಡಿ ಮೇಲೆ ಮಾತ್ರ ಮಧ್ಯಾಹ್ನದ ಬಿಸಿಲು ಸುರೀತಾ ಇತ್ತು."

"ಹೂಂ."

"ಒಂಬತ್ತು ನಿಮಿಷ ಕತ್ತಲಲ್ಲೇ ಕೂತಿದ್ದವರಿಗೆ ಪಾಪೆ ದೊಡ್ಡದಾಗಿರಬೇಕು. ಕೆಂಪು ಬರಬೇಕು."

"ಹೂಂ."

"ಮೇಲೆ ಬಿಸಿಲಲ್ಲಿದ್ದು, ಆಗ ತಾನೇ ಓಡಿಬಂದು ಕೂತವನಿಗೆ..."

"ಪಾಪೆ ಇನ್ನೂ ಸಾಸಿವೆ ಕಾಳಿನಷ್ಟೇ ಇರುತ್ತೆ," ಅಕ್ಕ ಮುಗಿಸಿದಳು. "ಅರ್ಧ ನಿಮಿಷ ಕೂತಿದ್ದರೆ ಅವನೂ ತಪ್ಪಿಸಿಕೊಳ್ತಿದ್ದ. ಕ್ಯಾಮೆರಾ ಅಷ್ಟು ಹೊತ್ತು ಕೊಡಲಿಲ್ಲ."

ಚಿಮಟ ಎದ್ದು ನಿಂತ. ಕೂತ. ಮತ್ತೆ ಎದ್ದ. ಬೆರಳಚ್ಚು ಒರೆಸಬಹುದು, ಹೆಜ್ಜೆ ಗುರುತು ಅಳಿಸಬಹುದು, ಬಾಯಿಗೆ ಬೀಗ ಹಾಕಿಕೊಳ್ಳಬಹುದು. ತನ್ನ ಪಾಪೆಗೆ ದೊಡ್ಡದಾಗು ಎಂದು ಅಪ್ಪಣೆ ಕೊಡುವವನು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಇಪ್ಪತ್ತೆರಡು ವರ್ಷ ಸುಳ್ಳುಗಾರರ ಕಣ್ಣಲ್ಲಿ ಕಣ್ಣಿಟ್ಟು ನೋಡಿದವನಿಗೆ, ಕಣ್ಣಿನೊಳಗೇ ಇಂಥದೊಂದು ಸಾಕ್ಷಿ ಕೂತಿದೆ ಎಂದು ಈವತ್ತು ಗೊತ್ತಾಯಿತು.

"ಹಾಗಾದ್ರೆ ತೋರ್ಸಮ್ಮ, ಯಾರ ಕಣ್ಣು ಕೆಂಪಿರಲಿಲ್ಲ?"

ಅಕ್ಕನ ಮುಖ ಬಾಡಿತು. "ಅದೇ ಎಡವಟ್ಟಾಗಿದ್ದು. ತಿದ್ದಿದ ಮೇಲೆ ಅದೇ ಹೆಸರಲ್ಲಿ ಉಳಿಸಿಬಿಟ್ಟೆ. ಮೊದಲಿನದು ಹೋಯ್ತು. ನಮ್ಮ ಸ್ಟುಡಿಯೋ ಯಜಮಾನರು ಕಂಪ್ಯೂಟರಿನಲ್ಲಿ ಜಾಗ ಇಲ್ಲ, ಒಂದೊಂದು ಫೋಟೊಗೆ ಎರಡೆರಡು ಪ್ರತಿ ಇಡಬೇಡ ಅಂತ ಬಯ್ತಾ ಬಯ್ತಾ ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ. ಕ್ಯಾಮೆರಾ ಕಾರ್ಡಿನಲ್ಲಿದ್ದದ್ದನ್ನೆಲ್ಲ ಇಲ್ಲಿಗೆ ಹಾಕ್ಕೊಂಡು, ಅದನ್ನೂ ಅವತ್ತೇ ಖಾಲಿ ಮಾಡಿ ಕೊಟ್ಟೆ."

"ಅಯ್ಯೋ!"

"ಎಷ್ಟು ಕಣ್ಣು ತಿದ್ದಿದೆ ಅಂತ ಮಾತ್ರ ನೆನಪಿದೆ. ಹದಿನಾರು."

ಚಿಮಟ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಒಂಬತ್ತು ಜೊತೆ ಕಣ್ಣುಗಳೂ ಒಂದೇ ತರಹ ಕಪ್ಪಗೆ, ಸಾಧುವಾಗಿ ಅವನನ್ನು ನೋಡುತ್ತಿದ್ದವು. ಕೈಗೆ ಬಂದದ್ದು ಜಾರಿಹೋದ ಸಂಕಟಕ್ಕೆ ತನ್ನ ತೊಡೆಯನ್ನು ತಾನೇ ಗುದ್ದಿಕೊಂಡ.

"ಯಂತ್ರಕ್ಕೇ ಬಿಟ್ಟಿದ್ದರೆ ಈಗ ಏನೂ ಗೊತ್ತಾಗ್ತಿರಲಿಲ್ಲ," ಅಕ್ಕ ಹೇಳಿದಳು. "ಒಂದು ಗುಂಡಿ ಒತ್ತಿದ್ರೆ ಎಲ್ಲಾ ಕಣ್ಣನ್ನೂ ಅದೇ ಹುಡುಕಿ ಕಪ್ಪು ಮಾಡುತ್ತೆ. ಆದ್ರೆ ನಂಗೆ ಅದರ ಮೇಲೆ ನಂಬಿಕೆ ಇಲ್ಲ. ಒಂದ್ಸಲ ಒಬ್ಬರ ಕೋಟಿನ ಕೆಂಪು ಗುಂಡೀನ ಕಣ್ಣು ಅಂದ್ಕೊಂಡು ತಿದ್ದಿತ್ತು. ಇನ್ನೊಂದ್ಸಲ ಮಗುವಿನ ಕೈಲಿದ್ದ ಚೆರ್ರಿ ಹಣ್ಣನ್ನ. ನಾನು ಒಂದೊಂದೇ ಕಣ್ಣು ಕೈಯಾರೆ ಮಾಡೋದು. ನೋಡಿ."

ಅವಳು ಬೇರೊಂದು ಫೋಟೊ ತೆರೆದಳು. ಅದೇ ದಿನದ್ದು, ಕರೆಂಟು ಹೋಗುವ ಮುಂಚಿನದು, ತಿದ್ದದೆ ಇದ್ದದ್ದು. ತಾತನ ತಂಗಿಯ ಒಂದು ಕಣ್ಣನ್ನು ಹಿಡಿದು ದೊಡ್ಡದು ಮಾಡುತ್ತಾ ಹೋದಳು. ಮುಖ ಹೋಯಿತು, ರೆಪ್ಪೆ ಹೋಯಿತು. ಕೊನೆಗೆ ಪರದೆಯ ತುಂಬ ಬರೀ ಕೆಂಪು ಚೌಕಗಳು ಉಳಿದವು. ಅಂಚಿನಲ್ಲಿ ಇಟ್ಟಿಗೆಯ ಬಣ್ಣ, ಒಳಗೆ ಕೆಂಡದ ಬಣ್ಣ.

ಅವಳ ಬಲಗೈ ಮೌಸಿನ ಮೇಲೆ ಹಗುರವಾಗಿ ಓಡಿತು. ಪಾಪೆಯ ಸುತ್ತ ಒಂದು ಗೆರೆ ಕಟ್ಟಿದಳು. ಗೆರೆಯೊಳಗಿನ ಬಣ್ಣವನ್ನು ಹಿಂಡಿ ತೆಗೆದಳು, ಕೆಂಪು ಬೂದಿಯಾಯಿತು. ಬೂದಿಯನ್ನು ಕಪ್ಪಿಗಿಳಿಸಿದಳು. ಅಂಚನ್ನು ಸವರಿ ಮೆದು ಮಾಡಿದಳು. ಕತ್ತರಿಸಿ ಅಂಟಿಸಿದಂತೆ ಕಾಣಬಾರದಲ್ಲ.

ಮತ್ತೆ ಚಿಕ್ಕದು ಮಾಡಿದಳು. ಕಣ್ಣು ಕಪ್ಪಗಿತ್ತು, ಆದರೆ ಸತ್ತವರ ಕಣ್ಣಿನಂತಿತ್ತು. ಚಿಮಟ ಬೆಚ್ಚಿ ಹಿಂದೆ ಸರಿದ.

"ಹೆದರಬೇಡಿ. ಕೆಂಪಿನ ಜೊತೆ ಕಣ್ಣಿನ ಹೊಳಪೂ ಹೋಗಿಬಿಡುತ್ತೆ. ನಾವೇ ಇಡಬೇಕು." ಪಾಪೆಯ ಎಡಗಡೆ ಮೇಲ್ಮೂಲೆಯಲ್ಲಿ, ಗಡಿಯಾರದಲ್ಲಾದರೆ ಹತ್ತು ಗಂಟೆ ಇರುವ ಜಾಗದಲ್ಲಿ, ಒಂದು ಬಿಳಿ ಚುಕ್ಕೆ ಇಟ್ಟಳು.

ಕಣ್ಣು ಬದುಕಿತು. ಪರದೆಯ ಮೇಲಿನ ಮುದುಕಿ ಈಗ ಇಬ್ಬರನ್ನೂ ನೋಡಿ ನಗುತ್ತಿದ್ದಳು.

ಚಿಮಟನಿಗೆ ಮದುವೆ ಫೋಟೊದ ಮಾವ ನೆನಪಾದರು. ಅವನ ಹೆಂಡತಿ ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದಳು. ಆ ಬಿಳಿ ಚುಕ್ಕೆಯತ್ತ ಬೆರಳು ತೋರಿಸಿ ಕೇಳಿದ: "ಚುಕ್ಕೆ ಯಾವಾಗಲೂ ಅಲ್ಲೇ ಇಡ್ತೀರಾ?"

"ಇಪ್ಪತ್ತು ವರ್ಷದಿಂದ ಅಲ್ಲೇ. ಕೈ ತಾನಾಗೇ ಅಲ್ಲಿಗೆ ಹೋಗುತ್ತೆ."

"ತಿದ್ದದೆ ಇರೋ ಕಣ್ಣಲ್ಲಿ?"

"ಫ್ಲ್ಯಾಷಿನ ನಿಜವಾದ ಹೊಳಪು ಇರುತ್ತೆ. ಅದು ಹೆಚ್ಚುಕಡಿಮೆ ಮಧ್ಯದಲ್ಲೇ ಬೀಳುತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚಿಮಟ ಕುರ್ಚಿಯನ್ನು ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡ.

ಮುಂದಿನ ಸಾಲಿನಿಂದ ಶುರು ಮಾಡಿದರು. ತಾತನ ತಂಗಿ: ಎರಡೂ ಕಣ್ಣಲ್ಲಿ ಹತ್ತು ಗಂಟೆ. ಪಕ್ಕದ ಮನೆಯ ಮಾಸ್ತರು: ಹತ್ತು ಗಂಟೆ. ಮಾಸ್ತರ ಹೆಂಡತಿ: ಹತ್ತು ಗಂಟೆ. ಎರಡನೆಯ ಸಾಲಿನಲ್ಲಿ ತಾತನ ಮಗ, ಮಗಳು, ಹಳೆಯ ಗಿರಾಕಿಯೊಬ್ಬರು, ಮೂವರಿಗೂ ಹತ್ತು ಗಂಟೆ.

ಮೂರನೆಯ ಸಾಲು. ಬೀಗ ರಿಪೇರಿಯವನು. ಅಕ್ಕನ ಕೈ ಅರೆಕ್ಷಣ ತಡೆಯಿತು.

ಹತ್ತು ಗಂಟೆ. ಎರಡೂ ಕಣ್ಣಿಗೂ.

"ನಿಮ್ಮ ತಮ್ಮ ಕತ್ತಲಲ್ಲೇ ಇದ್ದ," ಚಿಮಟ ಎಂದ. ಅವನಿಗೇ ಗೊತ್ತಿಲ್ಲದಂತೆ ಸ್ವರ ಮೆತ್ತಗಾಗಿತ್ತು. ಅಕ್ಕ ತಲೆಯಾಡಿಸಿದಳು.

ಅವನ ಪಕ್ಕ ಕೆಲಸದ ಅಜ್ಜಿ. ಹತ್ತು ಗಂಟೆ.

ಕೊನೆಯವನು ತಾತನ ಅಳಿಯ. ಅಕ್ಕ ದೊಡ್ಡದು ಮಾಡಿದಳು. ಪಾಪೆ ಚಿಕ್ಕದಾಗಿತ್ತು. ನಟ್ಟನಡುವೆ ಒಂದು ಚೂಪಾದ ಬಿಳಿ ಚುಕ್ಕೆ ಹೊಳೆಯುತ್ತಿತ್ತು.

ಅಷ್ಟು ದೂರದ ಸೂರ್ಯ ಕಿಟಕಿಯಲ್ಲಿ ಬಂದು, ಒಬ್ಬನ ಕಣ್ಣನ್ನು ಮುಟ್ಟಿ, ಅವನು ಮೆಟ್ಟಿಲಿಳಿದು ಓಡಿಬಂದರೂ ಬಿಡದೆ ಜೊತೆಗೇ ಬಂದಿದ್ದ. ದೇವರ ಲೆಕ್ಕದಲ್ಲಿ ನಂಬಿಕೆಯಿಲ್ಲದ ಚಿಮಟ ಆ ಗಳಿಗೆಯಲ್ಲಿ ಕೈ ಮುಗಿಯುವುದೊಂದೇ ಬಾಕಿ ಇತ್ತು.

ಹೊರಗಡೆ ಗಂಟೆ ಬಾರಿಸಿತು. "ಯಾರಿದ್ದೀರಿ? ಫೋಟೊ ಫ್ರೇಮ್ ಆಗಿದ್ಯಾ?"

ಅಕ್ಕ ಚಿಮಟನ ತೋಳು ಹಿಡಿದು ಪಿಸುಗುಟ್ಟಿದಳು. "ಅವರೇ. ಅಳಿಯ. ನಾಲ್ಕೂಕಾಲಿಗೆ ಬರ್ತೀನಿ ಅಂದಿದ್ರು."

"ಒಳಗೇ ಕರೀರಿ," ಚಿಮಟ ಎಂದ.

ಅಳಿಯ ಔಷಧಿ ಅಂಗಡಿ ಇಟ್ಟವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ನಾಲ್ಕು ದಿನದಿಂದ ನಿದ್ದೆಗೆಟ್ಟ ಮುಖ. ಪತ್ತೇದಾರನನ್ನು ಕಂಡು ಹುಬ್ಬು ಗಂಟಿಕ್ಕಿದ.

"ನೀವೂ ಫೋಟೊ ತೆಗೆಸಿಕೊಳ್ಳೋಕೆ ಬಂದ್ರಾ?"

"ನೋಡೋಕೆ ಬಂದೆ. ಕೂತ್ಕೊಳ್ಳಿ. ಕರೆಂಟು ಹೋದಾಗ ನೀವೆಲ್ಲಿದ್ರಿ, ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಹೇಳೋದು ಮಾರಾಯರೇ? ಎಲ್ಲರ ಜೊತೆ ಕೆಳಗೆ. ಮೂರನೇ ಸಾಲಿನ ತುದೀಲಿ. ಬಾಗಿಲ ಪಕ್ಕ."

"ಎದ್ದೇ ಇಲ್ವಾ?"

"ಕತ್ತಲಲ್ಲಿ ಎದ್ದು ಎಲ್ಲಿಗೆ ಹೋಗ್ಲಿ, ಮೂಳೆ ಮುರ್ಕೊಳ್ಳೋಕಾ?"

ಚಿಮಟ ಪರದೆಯತ್ತ ಕೈ ತೋರಿಸಿ, ಕತ್ತಲು, ಪಾಪೆ, ರಕ್ತ, ಬಿಸಿಲು ಎಲ್ಲವನ್ನೂ ಹೇಳಿದ. ಈಗಷ್ಟೇ ಕಲಿತದ್ದನ್ನು ಹುಟ್ಟಿದಾಗಿನಿಂದ ಬಲ್ಲವನಂತೆ ಹೇಳುವುದರಲ್ಲಿ ಅವನದು ಎತ್ತಿದ ಕೈ.

ಅಳಿಯ ಕೇಳುತ್ತಾ ಕೇಳುತ್ತಾ ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡ. ಆಮೇಲೆ ನಕ್ಕ. "ಅಷ್ಟೇನಾ? ಸ್ವಾಮಿ, ನಾನು ಕಣ್ಣಿಗೆ ಔಷಧಿ ಬಿಟ್ಕೊಳ್ತೀನಿ. ಕಣ್ಣಿನ ಒತ್ತಡದ ಕಾಯಿಲೆಗೆ. ಅದು ಹಾಕಿದ್ರೆ ಪಾಪೆ ಯಾವಾಗ್ಲೂ ಚಿಕ್ಕದಾಗೇ ಇರುತ್ತೆ. ಯಾವ ಡಾಕ್ಟರನ್ನ ಬೇಕಾದ್ರೂ ಕೇಳಿ. ಎಂಥಾ ಕತ್ತಲಲ್ಲೂ ನನ್ನ ಕಣ್ಣು ಕೆಂಪಾಗಲ್ಲ."

ಚಿಮಟ ಅಕ್ಕನ ಕಡೆ ತಿರುಗಿದ.

ಅಕ್ಕ ಕುರ್ಚಿಯನ್ನು ಪರದೆಯತ್ತ ತಿರುಗಿಸಿದಳು. ಇನ್ನೊಂದು ಫೋಟೊ ತೆರೆದಳು. ಕರೆಂಟು ಹೋಗುವ ಮುಂಚೆ, ಅದೇ ನೆಲಮಾಳಿಗೆಯಲ್ಲಿ, ದೀಪ ಆರಿಸಿ ಹಳೆಯ ಫೋಟೊಗಳನ್ನು ಗೋಡೆಯ ಮೇಲೆ ಬಿಟ್ಟು ನೋಡುತ್ತಿದ್ದಾಗ ತೆಗೆದದ್ದು. ಅಳಿಯ ಲೋಟ ಎತ್ತಿ ಹಿಡಿದು ಕ್ಯಾಮೆರಾ ನೋಡುತ್ತಿದ್ದ. ಎರಡು ಕಣ್ಣೂ ಟೊಮೇಟೊ ಹಣ್ಣಿನಷ್ಟು ಕೆಂಪಗಿದ್ದವು.

"ಇದನ್ನ ಯಾರೂ ತಿದ್ದೋಕೆ ಕೊಡ್ಲಿಲ್ಲ," ಅಕ್ಕ ಹೇಳಿದಳು. "ನಿಮ್ಮ ಔಷಧಿ ಊಟ ಆದ್ಮೇಲೆ ಹಾಕ್ಕೊಳ್ಳೋದಾ?"

ಅಳಿಯ ತನ್ನದೇ ಕೆಂಪು ಕಣ್ಣುಗಳನ್ನು ನೋಡುತ್ತಾ ನಿಂತ. ಆಮೇಲೆ ಫ್ರೇಮುಗಳ ರಾಶಿಯ ಮೇಲೆಯೇ ಕುಸಿದು ಕೂತ.

"ಹೋಗಿದ್ದೆ," ಎಂದ. "ಮೇಲೆ ಹೋಗಿದ್ದೆ. ಆದ್ರೆ ಹೊಡೆದಿಲ್ಲ. ನನ್ನ ಮಕ್ಕಳಾಣೆ ಹೊಡೆದಿಲ್ಲ."

"ಯಾಕೆ ಹೋದ್ರಿ?"

"ಆ ಪುಸ್ತಕಾನ ಒಂದ್ಸಲ ನೋಡೋಕೆ ಕೊಡಿ ಅಂತ ಕೇಳೋಕೆ. ಅರವತ್ತು ವರ್ಷ ಗಡಿಯಾರದ ಬಗ್ಗೆ ಕಂಡುಕೊಂಡಿದ್ದನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಹೆತ್ತ ಮಗಳಿಗೂ ತೋರಿಸಿಲ್ಲ. ಎಲ್ಲರ ಮುಂದೆ ಕೇಳಿದ್ರೆ ಬಯ್ತಾರೆ. ಒಬ್ಬರೇ ಇದ್ದಾರಲ್ಲ, ಕೇಳೋಣ ಅಂತ ಮೆಲ್ಲಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ನೆಲದ ಮೇಲೆ ಬಿದ್ದಿದ್ರು. ಡ್ರಾಯರ್ ತೆಗೆದಿತ್ತು. ಅಲ್ಲಿ ಇನ್ನೊಬ್ಬರು ಬಗ್ಗಿಕೊಂಡಿದ್ರು."

"ಯಾರು?"

"ಕಾಣಲಿಲ್ಲ. ಎದುರಿಗೆ ಕಿಟಕಿ, ಕಣ್ಣು ಕುಕ್ಕೋ ಬಿಸಿಲು. ಕಪ್ಪು ಆಕಾರ ಅಷ್ಟೇ. ನಾನು ಓಡಿದೆ. ನನ್ನ ಹಿಂದೆ ಅವರೂ ಇಳಿದು ಬಂದ್ರು, ಹೆಜ್ಜೆ ಸದ್ದು ಕೇಳಿಸ್ತು. ಕೂತೆ. ಯಾರೋ ನನ್ನ ದಾಟಿ ಒಳಗೆ ಸರಿದ್ರು, ತಕ್ಷಣ ಫ್ಲ್ಯಾಷ್ ಹೊಡೀತು."

"ಹಿಂದೇನೇ ಇಳಿದು ಬಂದ್ರಾ?"

"ಹೂಂ."

"ಬಂದು ನಿಮ್ಮ ನಡುವೆಯೇ ಕೂತ್ರಾ?"

"ಇನ್ನೆಲ್ಲಿ ಕೂರ್ತಾರೆ? ಹೊರಗಿನ ಬಾಗಿಲು ಚಿಲಕ ಹಾಕಿತ್ತು."

ಚಿಮಟ ಮುಂದಕ್ಕೆ ಬಾಗಿದ. ಈಗ ಅವನ ಸ್ವರ ತಣ್ಣಗಿತ್ತು. "ಹಾಗಾದ್ರೆ ಅವರ ಪಾಪೆಯೂ ಚಿಕ್ಕದಿರಬೇಕಿತ್ತು. ಕೆಂಪು ಕಣ್ಣು ಹದಿನಾರಲ್ಲ, ಹದಿನಾಲ್ಕಿರಬೇಕಿತ್ತು. ಈಕೆ ತಿದ್ದಿದ್ದು ಹದಿನಾರು. ಲೆಕ್ಕ ನಿಮ್ಮ ಪರವಾಗಿಲ್ಲ."

ಅಳಿಯ ಸಿಕ್ಕಿಬಿದ್ದವನ ರೋಷದಿಂದ ಎದ್ದು ಅಕ್ಕನತ್ತ ಬೆರಳು ತೋರಿಸಿದ. "ಇವಳ ಲೆಕ್ಕ! ಕೈಯಲ್ಲಿ ಚುಕ್ಕೆ ಇಟ್ಟವಳು ಇವಳು, ಎಣಿಸಿದವಳು ಇವಳು, ಜೈಲಲ್ಲಿರೋನು ಇವಳ ತಮ್ಮ! ಯಾವ ಜಡ್ಜು ನಂಬ್ತಾನೆ?"

"ನಾನೂ ಅದನ್ನೇ ಯೋಚಿಸಿದೆ," ಚಿಮಟ ಹೇಳಿದ. "ಫೋಟೊ ವಿಷಯ ಅಂತ ಈಕೆ ಬೆಳಿಗ್ಗೆ ಫೋನ್ ಮಾಡಿದಾಗಲೇ ತೆಗೆದವರಿಗೆ ಹೇಳಿಕಳಿಸಿದೆ. ಮೊದಲಿನ ಪ್ರತಿ ಎಲ್ಲಾದರೂ ಉಳಿದಿದ್ರೆ ಹುಡುಕಿ ತನ್ನಿ ಅಂತ."

ಅಕ್ಕ ಥಟ್ಟನೆ ಅವನ ಕಡೆ ತಿರುಗಿದಳು. "ನಂಗೆ ಹೇಳ್ಲೇ ಇಲ್ಲ."

"ಸಿಗದಿದ್ರೆ ಸುಮ್ನೆ ಆಸೆ ಹುಟ್ಟಿಸಿದ ಹಾಗಾಗುತ್ತೆ ಅಂತ ಹೇಳ್ಲಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳ ಮುಖದ ರಕ್ತ ಇಳಿದದ್ದನ್ನು ಕಂಡು, ದಣಿದಿದ್ದಾಳೆ ಪಾಪ ಎಂದುಕೊಂಡ.

ನಾಲ್ಕು ನಲವತ್ತಕ್ಕೆ ತಾತನ ಸೊಸೆ ಏದುಸಿರು ಬಿಡುತ್ತಾ ಒಳಗೆ ಬಂದಳು. ಕೈಯಲ್ಲೊಂದು ಸಿಡಿ. "ಸಿಕ್ತು! ಆಫೀಸಿನ ಕಂಪ್ಯೂಟರಲ್ಲಿತ್ತು. ಸೋಮವಾರ ಇಲ್ಲಿಗೆ ಬರೋ ಮುಂಚೆ ಗೆಳತಿಗೆ ತೋರಿಸೋಕೆ ಹಾಕಿದ್ದೆ, ಮರೆತೇಹೋಗಿತ್ತು." ಅಳಿಯನನ್ನು ಕಂಡು ಬಾಗಿಲಲ್ಲೇ ನಿಂತಳು. "ಭಾವ, ನೀವೂ ಇಲ್ಲೇ ಇದ್ದೀರಾ?"

ಚಿಮಟನೇ ಸಿಡಿ ಹಾಕಿದ. ಯಂತ್ರ ಕೊರಕೊರ ಸದ್ದು ಮಾಡಿ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಫೋಟೊವನ್ನು ಬಿಚ್ಚತೊಡಗಿತು.

ಮೊದಲು ಕತ್ತಲು. ಆಮೇಲೆ ತಲೆಗಳು. ಆಮೇಲೆ ಕಣ್ಣುಗಳು.

"ಅಬ್ಬಾ!" ಎಂದುಬಿಟ್ಟ ಚಿಮಟ. ಅಷ್ಟು ಹೊತ್ತು ಸಾಧುವಾಗಿ ಕಪ್ಪಗೆ ಕೂತಿದ್ದ ಮುಖಗಳೆಲ್ಲ ಈಗ ಉರಿಯುತ್ತಿದ್ದವು. ನಗುವ ಮಾಸ್ತರು, ಕೆಲಸದ ಅಜ್ಜಿ, ತಾತನ ಮಗಳು, ಎಲ್ಲರೊಳಗಿನ ಜೀವ ಕಣ್ಣಿಗೆ ಬಂದು ನಿಂತಿತ್ತು. ನಾಲ್ವರೂ ಪರದೆಯತ್ತ ಬಾಗಿದರು. ಅಳಿಯ ಕೂಡ ತನ್ನ ಭಯ ಮರೆತು ನೋಡಿದ.

ಚಿಮಟ ಎಣಿಸಿದ. ಮುಂದಿನ ಸಾಲು, ಆರು. ಎರಡನೆಯ ಸಾಲು, ಹನ್ನೆರಡು. ಮೂರನೆಯ ಸಾಲಿನಲ್ಲಿ ಅಳಿಯನ ಕಣ್ಣು ಕಪ್ಪು, ಸರಿ. ಅಜ್ಜಿಯದು ಕೆಂಪು, ಹದಿನಾಲ್ಕು.

ಅವನ ಬೆರಳು ಅಲ್ಲೇ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ. ಹದಿನಾಲ್ಕೇ.

ಮೂರನೆಯ ಸಾಲಿನಲ್ಲಿ ಇನ್ನೊಂದು ಜೊತೆ ಕಣ್ಣು, ಚಿಕ್ಕ ಪಾಪೆ, ನಟ್ಟನಡುವೆ ಚೂಪಾದ ಬಿಳಿ ಚುಕ್ಕೆ. ಆ ಕಣ್ಣುಗಳ ಆಕಾರ ಅವನು ಒಂದು ಗಂಟೆಯಿಂದ ಪಕ್ಕದಲ್ಲೇ ನೋಡುತ್ತಿದ್ದ ಆಕಾರವಾಗಿತ್ತು. ಅಕ್ಕ ತಮ್ಮಂದಿರ ಕಣ್ಣು ಅಷ್ಟೊಂದು ಒಂದೇ ತರಹ ಇತ್ತು.

ಅವನು ನಿಧಾನವಾಗಿ ಅವಳ ಕಡೆ ತಿರುಗಿದ.

"ಯಾವಾಗ ಇಟ್ರಿ ಆ ಎರಡು ಚುಕ್ಕೇನ?"

"ನಿನ್ನೆ ಬೆಳಿಗ್ಗೆ," ಅಕ್ಕ ಹೇಳಿದಳು. ತಪ್ಪಿಸಿಕೊಳ್ಳಲು ನೋಡಲಿಲ್ಲ. "ಸೋಮವಾರ ತಿದ್ದಿದ್ದು ಹದಿನಾಲ್ಕೇ. ಆಗ ಏನೂ ಅನ್ನಿಸಿರಲಿಲ್ಲ. ಅವನನ್ನ ಹಿಡ್ಕೊಂಡು ಹೋದ ರಾತ್ರಿಯೆಲ್ಲ ಆ ಕಣ್ಣೇ ಎದುರಿಗೆ ಬಂತು. ಕೆಂಪಿರಲಿಲ್ಲವಲ್ಲ, ಯಾಕಿರಲಿಲ್ಲ ಅಂತ. ಬೆಳಿಗ್ಗೆ ಬಂದು ಪಾಪೆ ದೊಡ್ಡದು ಮಾಡಿ, ಹೊಳಪು ಮಧ್ಯದಿಂದ ತೆಗೆದು, ಹತ್ತು ಗಂಟೆ ಜಾಗಕ್ಕೆ ಇಟ್ಟೆ."

"ಅವನನ್ನ ಕೇಳಿದ್ರಾ?"

"ನಿನ್ನೆ ಊಟ ತಗೊಂಡು ಹೋಗಿದ್ದೆ. ಕಂಬಿ ಹಿಂದೆ ಕೂತು ತಿಂದ. ಕೇಳೋಕೆ ಬಾಯೇ ಬರಲಿಲ್ಲ."

ಅಳಿಯ ಎದ್ದು ನಿಂತಿದ್ದ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. "ನಾನು ಹೇಳ್ಲಿಲ್ವಾ, ಇನ್ನೊಬ್ಬರಿದ್ರು ಅಂತ," ಎಂದ, ಮೆಲ್ಲಗೆ.

ಚಿಮಟನಿಗೆ ಅವಳ ಮೇಲೆ ಕೋಪ ಬರಬೇಕಿತ್ತು. ತನ್ನನ್ನು ಮೂಗು ಹಿಡಿದು ನಡೆಸಿದ್ದಳು. ಕೋಪ ಬರಲಿಲ್ಲ. ಯಾರೂ ಗುರುತಿಸಲಾರದ ಹಾಗೆ ಒಂದು ಜೀವವನ್ನು ಎರಡು ಬಿಳಿ ಚುಕ್ಕೆಯಲ್ಲಿ ಬಚ್ಚಿಟ್ಟ ಆ ಕೈಯನ್ನು ಕಂಡು ಅವನಿಗೆ ಬೆರಗೇ ಆಯಿತು. ಆ ಬೆರಗಿಗೆ ನಾಚಿಕೆಯೂ ಆಯಿತು.

ಹೊರಗೆ ಜೀಪು ನಿಂತ ಸದ್ದು. ಬೂಟುಗಳು ಮೆಟ್ಟಿಲೇರಿದವು. ಐದಕ್ಕೆ ಇನ್ನೂ ಎಂಟು ನಿಮಿಷವಿತ್ತು.

ಚಿಮಟ ಸಿಡಿಯ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಿದರೆ ಸಿಡಿ ಹೊರಬರುತ್ತದೆ, ಫೋಟೊ ಹೋಗುತ್ತದೆ, ಪರದೆಯ ಮೇಲೆ ಹದಿನಾರು ಉಳಿಯುತ್ತದೆ. ಒತ್ತಬೇಕೋ ಬೇಡವೋ ಎಂದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸ್ಥಿತಿ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲ ಪರದೆ ಸರಿಸಿ ಒಳಗೆ ಬಂದ. "ಏನ್ರೀ, ಏನಾದ್ರೂ ಸಿಕ್ತಾ? ಇಲ್ಲ ಅಂದ್ರೆ ನಾನು ಹೊರಟೆ."

ಚಿಮಟ ಬಾಯಿ ತೆರೆಯುವ ಮುಂಚೆ ಅಕ್ಕ ಅವನ ಬೆರಳನ್ನು ಗುಂಡಿಯಿಂದ ಎತ್ತಿ ಪಕ್ಕಕ್ಕಿಟ್ಟಳು. ಎರಡೂ ಕೈಯಿಂದ ಆ ಗುಜ್ಜಾರಿ ಮಾನಿಟರನ್ನು ಹಿಡಿದು, ಇನ್ಸ್‌ಪೆಕ್ಟರಿಗೆ ಕಾಣುವಂತೆ ತಿರುಗಿಸಿದಳು.

"ಸಿಕ್ತು ಸಾರ್," ಎಂದಳು. "ಕರೆಂಟು ಹೋದಾಗ ಇಬ್ಬರು ಮೇಲೆ ಹೋಗಿದ್ರು. ಒಬ್ಬರು ಇಲ್ಲೇ ಇದ್ದಾರೆ, ಅವರೇ ಹೇಳ್ತಾರೆ."

"ಇನ್ನೊಬ್ಬ?"

ಅಕ್ಕ ಬಾಣದ ಗುರುತನ್ನು ಮೂರನೆಯ ಸಾಲಿಗೆ ಒಯ್ದು, 'ದೊಡ್ಡದು ಮಾಡು' ಗುಂಡಿ ಒತ್ತಿದಳು. ಮುಖ ಹೋಯಿತು, ರೆಪ್ಪೆ ಹೋಯಿತು, ಪರದೆಯ ತುಂಬ ಒಂದು ಚಿಕ್ಕ ಕಪ್ಪು ಪಾಪೆ ಉಳಿಯಿತು.

"ನನ್ನ ತಮ್ಮ," ಎಂದಳು. "ನಡೀರಿ, ನಾನೂ ಬರ್ತೀನಿ. ನನ್ನ ಎದುರಿಗೇ ಕೇಳಿ ಅವನನ್ನ."